ಬಾಯಿಗೆ ಬಾರದ ಹೆಸರು

ಕೊಲ್ಲಾಪುರಮ್ಮ ಮೇಕೆಗಳ ಹಿಂದೆ ಹೋದವಳು ಕತ್ತಲಾದರೂ ಹಟ್ಟಿಗೆ ಬರಲಿಲ್ಲ. ಮಂಡಿ ನೋವೆಂದು ಬಂಡೆಯ ಮೇಲೆ ಕೂತು ಅಲ್ಲೇ ತೂಕಡಿಸಿದ್ದಳು, ಅಷ್ಟೇ. ಮಗ ಹನುಮಂತರಾಜು ಮಾತ್ರ ಮುದುಕಿಗೆ ದಾರಿ ಮರೆತುಹೋಯಿತೆಂದು ಹೆದರಿ ಮಧುಗಿರಿಯ ಆಸ್ಪತ್ರೆಗೆ ಕರೆತಂದ. ಮರೆವಿನ ಕಾಯಿಲೆಯಾದರೆ ಮೇಕೆ ಮಾರಿಬಿಡುತ್ತೇನೆಂದು ಬಸ್ಸಿನಲ್ಲೇ ಹೇಳಿದ್ದ. ಗಂಡ ಹೋದ ಮೇಲೆ ಆಕೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಮೇಕೆಗಳ ಜೊತೆ ಮಾತ್ರ.

ಪರೀಕ್ಷೆ ಮಾಡುವ ಹುಡುಗಿ ಮಧುಶ್ರೀ ಮಗನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದಳು.

“ಅಜ್ಜಿ, ಮೂರು ಪದ ಹೇಳ್ತೀನಿ, ಹಾಗೇ ಹೇಳಿ. ಮರ, ಎತ್ತು, ದೀಪ.”

“ಮರ, ಬಸವ, ದೀಪ.”

“ಬಸವ ಅಲ್ಲ, ಎತ್ತು.”

“ಅದೇ ಕಣಮ್ಮ, ಬಸವ.”

ಹುಡುಗಿ ತಪ್ಪು ಹಾಕಿದಳು. ಮದುವೆಯಾದ ದಿನದಿಂದ ಕೊಲ್ಲಾಪುರಮ್ಮ ಎತ್ತನ್ನು ಎತ್ತು ಎಂದವಳಲ್ಲ. ಗಂಡನ ಹೆಸರು ಯತ್ತಪ್ಪ. ಅದನ್ನು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆಂದು ಅತ್ತೆ ಕಲಿಸಿದ್ದಳು. ಆ ಹೆಸರಿಗೆ ಹತ್ತಿರದ ಮಾತನ್ನೂ ಆಡುವಂತಿರಲಿಲ್ಲ. ಸತ್ತವನಿಗೆ ಇನ್ನೆಂಥ ಆಯಸ್ಸು ಅನ್ನುತ್ತೀರೇನೋ. ನಾಲಿಗೆಗೆ ಅದನ್ನು ತಿಳಿಸಿ ಹೇಳುವವರು ಯಾರು?

“ಹೋಗ್ಲಿ, ನಿಮ್ಮ ಯಜಮಾನರ ಹೆಸರು?”

ಕೊಲ್ಲಾಪುರಮ್ಮ ಪಕ್ಕಕ್ಕೆ ತಿರುಗಿದಳು. ರೇಷನ್ ಅಂಗಡಿಯಲ್ಲಾಗಲಿ, ಓಟು ಹಾಕುವಲ್ಲಾಗಲಿ, ಈ ಪ್ರಶ್ನೆ ಬಂದಾಗ ಪಕ್ಕದಲ್ಲಿ ನಾದಿನಿ ಇರುತ್ತಿದ್ದಳು. ಅವಳು ಹೆಸರು ಹೇಳಿದರೆ ಇವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಾದಿನಿ ಹೋದ ವರ್ಷ ತೀರಿಕೊಂಡಳು. ಆಮೇಲೆ ಆ ಹೆಸರು ಯಾರ ಬಾಯಲ್ಲೂ ಕೇಳಿಲ್ಲ.

“ನನ್ ಮಗನ್ನ ಕರೀರವ್ವ, ಅವ್ನು ಹೇಳ್ತಾನೆ.”

“ಅವರನ್ನ ಕೇಳೋ ಹಾಗಿಲ್ಲ ಅಜ್ಜಿ. ನಿಮಗೇ ನೆನಪಾಗ್ಬೇಕು.”

ನೆನಪಂತೆ! ಮೇಕೆಗಳ ಆಸೆಗೆ ಬಾಯಿ ತೆರೆದಳು. ತುಟಿ ಅಲುಗಿತು, ದನಿ ಬರಲಿಲ್ಲ. ಮಧುಶ್ರೀ ಕನಿಕರದಿಂದ ಸೊನ್ನೆ ಬರೆದಳು.

ಅಂಕ ಕಮ್ಮಿ ಬಂದಿದೆ, ಆದರೆ ಕಾಯಿಲೆಯೆಂದು ಈಗಲೇ ಹೇಳಲಾಗದು, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದಷ್ಟೇ ಮಗನಿಗೆ ಹೇಳಿದರು. ಅವನು ಬಸ್ ಸ್ಟ್ಯಾಂಡಿನಲ್ಲಿ ಅವ್ವನಿಗೆ ಟೀ ಕೊಡಿಸಿದ.

“ಇರ್ಲಿ ಬುಡವ್ವ, ಮೇಕೆ ಸದ್ಯಕ್ಕೆ ಮಾರಕಿಲ್ಲ. ನೀನು ಸರಿಯಾಗೇ ಇದ್ದೀಯ.”

ಕೊಲ್ಲಾಪುರಮ್ಮನಿಗೆ ಹೋದ ಜೀವ ಬಂದಂತಾಯಿತು. ಒಳಗೆ ಗಂಟಲಲ್ಲಿ ನಿಂತಿದ್ದ ಹೆಸರು ಇನ್ನೂ ಅಲ್ಲೇ ಇತ್ತು. ಒಮ್ಮೆ ಕಿವಿಗಾದರೂ ಬೀಳಲಿ ಅನ್ನಿಸಿತು.

“ಮಗ, ನಿಮ್ಮಪ್ಪನ ಹೆಸ್ರು ಒಂದ್ ಕಿತ ಹೇಳೋ.”

ಹನುಮಂತರಾಜು ಲೋಟ ಕೆಳಗಿಟ್ಟ. ಅವನ ಕಣ್ಣು ತುಂಬಿ ಬಂತು.

“ಯತ್ತಪ್ಪ ಕಣವ್ವ,” ಎಂದ, ಮಗುವಿಗೆ ಹೇಳಿಕೊಡುವವನಂತೆ. “ಯತ್ತಪ್ಪ.”

ಕೊಲ್ಲಾಪುರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಅವನು ಆಚೆ ಹೋಗಿ ಮೇಕೆ ವ್ಯಾಪಾರದವನಿಗೆ ಫೋನು ಮಾಡಿದ.