ಹುಬ್ಬಳ್ಳಿ ಏನು ದೂರ?

ಬಡವರ ಆರೋಗ್ಯ ವಿಮೆಯನ್ನು ನಮ್ಮ ಜಿಲ್ಲೆಗೂ ವಿಸ್ತರಿಸಿದ್ದು ಹೇಗೆ ನಡೆದಿದೆಯೆಂದು ನೋಡಲು ಶಾಸಕರ ಸಮಿತಿ ಕಾರವಾರಕ್ಕೆ ಬಂದಿತ್ತು. ನಮ್ಮೂರು ಚೆಂಡಿಯಾದಿಂದ ನಮ್ಮನ್ನು ಟೆಂಪೋದಲ್ಲಿ ತುಂಬಿ ತಂದಿದ್ದರು. ಚಪ್ಪಾಳೆ ತಟ್ಟಲಿಕ್ಕೆ ಜನ ಬೇಕಲ್ಲ.

ನನ್ನ ಅಕ್ಕ ತಿಮ್ಮಿ ತಟ್ಟಲಿಲ್ಲ. ಎದ್ದು ನಿಂತು ಹೇಳಿದಳು: "ನನ್ನ ಗಂಡಗೆ ಎದೆನೋವು ಬಂತು. ಗೋವಾ ಆಸ್ಪತ್ರೆ ಹತ್ರ ಇತ್ತು. ವಿಮೆ ಕಾರ್ಡು ಅಲ್ಲಿ ನಡೂದಿಲ್ಲ, ಹುಬ್ಬಳ್ಳಿಗೇ ಹೋಗಿ ಅಂದ್ರು. ಅರ್ಧ ದಾರೀಲಿ, ಅರಬೈಲ್ ಘಟ್ಟದಲ್ಲೇ ಜೀವ ಹೋಯ್ತು."

ಸಮಿತಿಯ ಅಧ್ಯಕ್ಷರು ವಾಚು ನೋಡಿಕೊಂಡರು. "ರಾಜ್ಯದ ದುಡ್ಡು ರಾಜ್ಯದಲ್ಲೇ ಖರ್ಚಾಗಬೇಕಮ್ಮ. ಹುಬ್ಬಳ್ಳಿ ಏನು ದೂರ?" ಎಂದವರೇ ಊಟಕ್ಕೆ ಎದ್ದರು.

ಊಟಕ್ಕೆ ತಾರ್ಲೆ ಮೀನಿನ ಸಾರು. ಅಧ್ಯಕ್ಷ ಬಯಲುಸೀಮೆಯ ಮನುಷ್ಯ; ಮುಳ್ಳು ಬಿಡಿಸದೆ ಅನ್ನಕ್ಕೆ ಕಲಸಿ ನುಂಗಿದ. ಮುಳ್ಳು ಗಂಟಲಲ್ಲಿ ಕಚ್ಚಿಕೊಂಡಿತು. ಒಣ ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ತಿನ್ನಿಸಿದರು. ಮುಳ್ಳು ಜಗ್ಗಲಿಲ್ಲ; ಕಣ್ಣು ಮೇಲಾಯಿತು.

"ಗೋವಾಕ್ಕೆ ಹೊಡಿ, ಅದೇ ಹತ್ರ," ಎಂದು ಅಧಿಕಾರಿಯೊಬ್ಬ ಡ್ರೈವರನಿಗೆ ಕೂಗಿದ.

ಅಕ್ಕ ಹೋಗಿ ಕಾರಿಗೆ ಅಡ್ಡ ನಿಂತಳು.

"ಗೋವಾ ಎಂತಕ್ಕೆ ಸಾಯಬ್ರೆ? ಹುಬ್ಬಳ್ಳಿಗೆ ಹೋಗಿ."

ನಾವು ಆಗ ಚಪ್ಪಾಳೆ ತಟ್ಟಿದೆವು.