ಹುಳು ಜ್ವರಕ್ಕೆ ಕೂತಾಗ

ಪರದೆಯ ಮೇಲೆ ಮತ್ತೆ ಅದೇ ಮಾತು ಬಂತು: ಅಪ್‌ಡೇಟ್ ವಿಫಲ. ಯಾಮಿನಿ ಮೌಸನ್ನು ಮೇಜಿಗೆ ಕುಕ್ಕಿದಳು. ಹೊಸ ಪ್ರಿಂಟರು ಕೆಲಸ ಮಾಡಬೇಕಾದರೆ ಕಂಪ್ಯೂಟರಿನ ಈ ಹಳೆಯ ಎಕ್ಸ್‌ಪಿ ಅಪ್‌ಡೇಟ್ ಆಗಲೇಬೇಕಿತ್ತು. ಸೋಮವಾರಕ್ಕೆ ಹೈಸ್ಕೂಲಿನ ಪ್ರಶ್ನೆಪತ್ರಿಕೆ ಕೊಡದಿದ್ದರೆ ಆ ಕೆಲಸ ಶಿಡ್ಲಘಟ್ಟದವರ ಪಾಲು. ಕೆಲಸ ಹೋದರೆ ಅವಳು ಟೈಪಿಂಗ್ ನಡೆಸುವ ಈ ಮುಂದಿನ ಕೋಣೆಯೂ ಹೋದಂತೆಯೇ. ಅತ್ತೆ ಕದಿರಮ್ಮ ಆಗಲೇ ಬಾಗಿಲಲ್ಲಿ ನಿಂತು, ಇಲ್ಲಿ ಎಷ್ಟು ಹುಳುವಿನ ತಟ್ಟೆ ಹಿಡಿಸಬಹುದೆಂದು ಕಣ್ಣಳತೆ ಹಾಕಿಕೊಂಡು ಹೋಗಿದ್ದರು.

ಜಂಗಮಕೋಟೆಯ ಆ ಮನೆಯಲ್ಲಿ ರೇಷ್ಮೆಹುಳುವಿನದೇ ಯಜಮಾನಿಕೆ. ಹುಳು ಜ್ವರಕ್ಕೆ ಕೂತವೆಂದರೆ, ಅಂದರೆ ಮೇವು ಬಿಟ್ಟು ಪೊರೆ ಕಳಚಲು ತಲೆಯೆತ್ತಿ ನಿಂತವೆಂದರೆ, ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಹೊರಗಿನವರು ಕಾಲಿಡುವಂತಿಲ್ಲ. ಬಾಣಂತಿಗೂ ಇಷ್ಟು ಉಪಚಾರ ಮಾಡಿದ್ದನ್ನು ಯಾಮಿನಿ ಕಂಡವಳಲ್ಲ.

ನಿನ್ನೆ ಸಂಜೆ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕಂಪ್ಯೂಟರು ಗಪ್ಪನೆ ಆರಿಹೋಗಿತ್ತು. ಕರೆಂಟು ಹೋಯಿತು ಎಂದಿದ್ದ ಗಂಡ ಮಧುಸೂದನ್. ಬರೆಯುತ್ತಿದ್ದ ಸಿಸ್ಟಂ ಫೈಲುಗಳು ಅರ್ಧಂಬರ್ಧವಾಗಿ ಕೆಟ್ಟವು. ರಿಪೇರಿಯ ಸುನೀಲ್‌ಕುಮಾರ್ ಫೋನಿನಲ್ಲೇ, ಎಲ್ಲ ಅಳಿಸಿ ಹೊಸದಾಗಿ ಹಾಕೋಣ ಎಂದ. ಅವಳು ಟೈಪು ಮಾಡಿದ್ದೆಲ್ಲ ಹೋಗುವುದು ಅವನಿಗೇನು ಲೆಕ್ಕ? ಮಧುಸೂದನ್ ಮಾರಿಬಿಡು ಎಂದ. ಯುಪಿಎಸ್ ತರದ ತನ್ನ ಜಿಪುಣತನಕ್ಕೆ ಯಾಮಿನಿ ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಿದ್ದಳು.

ತಲೆ ಕಾದು, ನೀರು ಕುಡಿಯಲೆಂದು ಹಿತ್ತಲಿಗೆ ಹೋದಳು. ಗೋಡೆಯಾಚೆ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಸೊಪ್ಪು ಬಿಡಿಸುತ್ತಿದ್ದರು. ಹಾಳು ಕರೆಂಟು ತನ್ನ ಹೊಟ್ಟೆಯ ಮೇಲೆ ಹೊಡೆಯಿತೆಂದು ಯಾಮಿನಿ ಹೇಳಿಕೊಂಡಳು.

"ನಿನ್ನೆ ಸಂಜೆ ಕರೆಂಟಿತ್ತಲ್ಲಮ್ಮಾ. ನಾನು ಧಾರಾವಾಹಿ ಪೂರ್ತಿ ನೋಡ್ದೆ," ಎಂದರು ಅವರು.

ಯಾಮಿನಿಗೆ ಮೈಯೆಲ್ಲ ಉರಿದುಹೋಯಿತು. ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದ ಗಂಡನ ಮುಂದೆ ನೇರವಾಗಿ ಹೋಗಿ ನಿಂತಳು. ಅವನು ಕತ್ತಿ ಕೆಳಗಿಟ್ಟ.

"ಅಮ್ಮ ಹೇಳಿದ್ರು. ಆ ಮಿಷಿನ್ನು ಗುಂಯ್ ಅಂತಿದ್ರೆ ಹುಳು ಸರಿಯಾಗಿ ಜ್ವರ ಏಳಲ್ಲಂತೆ. ಮೇನ್ ಆಫ್ ಮಾಡ್ದೆ, ಅಷ್ಟೆ ಕಣೇ."

"ಆಫ್ ಮಾಡಿದ್ದು ಹಾಳಾಗೋಗ್ಲಿ. ಕರೆಂಟು ಹೋಯ್ತು ಅಂದ್ರಲ್ಲ. ನಾನು ಪೆದ್ದಿ ಥರ ನನ್ನನ್ನೇ ಬೈಕೊಂಡು ಕೂತಿದ್ದೆ, ನೀವು ನೋಡ್ತಾನೇ ಇದ್ರಿ."

ಅವನು ಕತ್ತಿ ಎತ್ತಿಕೊಂಡು ಮತ್ತೆ ಸೊಪ್ಪು ಕತ್ತರಿಸತೊಡಗಿದ.

ಯಾಮಿನಿ ಒಳಗೆ ಬಂದು, ಕಂಪ್ಯೂಟರಿನ ಜೊತೆ ಬಂದಿದ್ದ ಮೂಲ ಸಿ.ಡಿ.ಯನ್ನು ಹುಡುಕಿ ತೂರಿಸಿದಳು. ಸಿಸ್ಟಂ ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟದ್ದರ ಜಾಗಕ್ಕೆ ಸಿ.ಡಿ.ಯಿಂದ ಒಳ್ಳೆಯದನ್ನು ತಂದಿಡುವಂತೆ ಆದೇಶ ಕೊಟ್ಟಳು. ಸಿಟ್ಟಿನಲ್ಲಿ ಎರಡು ಸಲ ತಪ್ಪಾಯಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಪರೀಕ್ಷೆ ಮುಗಿದು ಅಪ್‌ಡೇಟ್ ಮತ್ತೆ ಶುರುವಾಯಿತು. ಈ ಸಲ ಅದು ನಿಲ್ಲದೆ ಮುಂದೆ ಸಾಗಿತು.

ಅಷ್ಟರಲ್ಲಿ ಹುಳು ಜ್ವರ ಬಿಟ್ಟೆದ್ದವು. ಎದ್ದ ಹುಳುವಿಗೆ ಮೊದಲ ಸೊಪ್ಪು ಹಾಕುವುದು ಆ ಮನೆಯಲ್ಲಿ ಸೊಸೆಯ ಪಾಲಿನ ಕೆಲಸ. ಕದಿರಮ್ಮ ಒಳಗಿನಿಂದ ಕೂಗಿದರು.

"ಹುಳು ಎದ್ದವೆ, ಕೈಕಾಲು ತೊಳ್ಕೊಂಡು ಬಾರಮ್ಮ."

"ಬರಲ್ಲ ಅತ್ತೆ. ನನ್ನದು ಇನ್ನೂ ಎದ್ದಿಲ್ಲ."

ಇಷ್ಟು ವರ್ಷದಲ್ಲಿ ಅಲ್ಲಿ ಯಾರೂ ಹುಳುವಿಗೆ ಬರಲ್ಲ ಎಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಮಧುಸೂದನ್ ತಾನೇ ಕೈ ತೊಳೆದು, ಸೊಪ್ಪಿನ ಮಂಕರಿ ಎತ್ತಿಕೊಂಡು ನಡುಮನೆಗೆ ಬಂದ. ಯಾಮಿನಿ ಕುರ್ಚಿಯನ್ನು ದರದರ ಎಳೆದು ಅಲ್ಲಿದ್ದ ಮೇನ್ ಸ್ವಿಚ್ಚಿನ ಕೆಳಗೆ ಹಾಕಿಕೊಂಡು ಕೂತಿದ್ದಳು. ಅವನು ಮುಂದಿನ ಕೋಣೆಯ ಪರದೆಯತ್ತ ಇಣುಕಿ, ಎಲ್ಲಿಗೆ ಬಂತು ಎಂದು ಮೆಲ್ಲಗೆ ಕೇಳಿದ.

ಅವಳು ಪರದೆಯ ಕಡೆ ತಿರುಗಲಿಲ್ಲ. ಅವನು ದಾಟಿ ಹೋಗುವವರೆಗೂ ಅವನ ಕೈಗಳನ್ನೇ ನೋಡುತ್ತ ಕೂತಳು.