ಗುಂಡಿ ತಿರುಗಿಸಿದ ಮೇಲೆ

ಹಳೆಯ ರೇಡಿಯೋದಲ್ಲಿ ಗುಂಡಿ ತಿರುಗಿಸಿದರೆ ಕರಕರ ಸದ್ದಾದರೂ ಬರುತ್ತಿತ್ತು. ಇಂಟರ್ನೆಟ್ ರೇಡಿಯೋದಲ್ಲಿ ಅದೂ ಇಲ್ಲ. ಹೊಸ ಸ್ಟೇಷನ್ ಎಲ್ಲಿಂದಲೋ ಹೊರಟು ಬರಬೇಕು. ಬಂದು ಮುಟ್ಟುವವರೆಗೆ ಪೆಟ್ಟಿಗೆ ಬಾಯಿಗೆ ಬೀಗ ಹಾಕಿಕೊಂಡಿರುತ್ತದೆ. ಹೊಸ ಪೆಟ್ಟಿಗೆಯನ್ನು ಬಳಸಿ ನೋಡುವ ಪರೀಕ್ಷೆಗೆ ಬೆಳಗಿನಿಂದ ಕಚೇರಿಗೆ ಬಂದ ಯಾರೂ ಆ ಮೌನವನ್ನು ಸಹಿಸಲಿಲ್ಲ. ಸದ್ದು ಬರಲಿಲ್ಲವೆಂದು ಮತ್ತೆ ತಿರುಗಿಸಿದರು. ತಿರುಗಿಸಿದಾಗೆಲ್ಲ ಹಾದಿಯಲ್ಲಿದ್ದ ಸ್ಟೇಷನ್ ಅರ್ಧದಿಂದಲೇ ವಾಪಸಾಯಿತು. ದರ್ಜಿಯೊಬ್ಬ ಪೆಟ್ಟಿಗೆಯ ತಲೆಗೆ ತಟ್ಟಿ, “ಇದಕ್ಕೆ ಜೀವ ಇಲ್ಲ ಬಿಡಿ” ಎಂದು ಎದ್ದುಹೋದ.

ಆ ಗುಂಡಿ ಅವಳ ಕೂಸು. ಪರದೆ ಬೇಡ, ಮೆನು ಬೇಡ, ಒಂದೇ ಗುಂಡಿ ಸಾಕು ಎಂದು ಇಡೀ ಕಚೇರಿಯೊಂದಿಗೆ ಜಗಳವಾಡಿ ‘ಗುಂಡಕ್ಕ’ ಎಂದು ಕರೆಸಿಕೊಂಡ ವಿನ್ಯಾಸಗಾರ್ತಿ ಅವಳು. ಇವತ್ತು ಒಬ್ಬರೂ ಸ್ಟೇಷನ್ ಹಿಡಿಯದಿದ್ದರೆ ಗುಂಡಿ ಹೋಗಿ ಟಚ್ ಸ್ಕ್ರೀನ್ ಬರುತ್ತದೆ ಎಂದು ಮುಖ್ಯಸ್ಥ ಮೊದಲೇ ಹೇಳಿದ್ದ. ಅವನಿಗೂ ಗುಂಡಿಯೇ ಅಗ್ಗ. ಒಪ್ಪಲು ಒಂದು ನೆಪ ಬೇಕಿತ್ತು, ಅಷ್ಟೆ.

ಕೊನೆಗೆ ಬರಬೇಕಿದ್ದವರು ಕೈಕೊಟ್ಟರು. ಈ ರೇಡಿಯೋವನ್ನು ಎಂದೂ ಮುಟ್ಟದ ಯಾರನ್ನಾದರೂ ಕರೆಸಿ ಎಂದ ಮುಖ್ಯಸ್ಥ. ಅವಳು ತನ್ನ ಚಿಕ್ಕಮ್ಮನನ್ನು ಕರೆಸಿದಳು. ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲೇ. ಅಲ್ಲಿ ಅವಳ ಮೇಜಿನ ಮೇಲೆ ಇಂಥದೇ ಪೆಟ್ಟಿಗೆಯೊಂದಿತ್ತು, ನಿಜ. ಆದರೆ ಚಿಕ್ಕಮ್ಮ ಅದರ ಮೇಲಿನ ದೂಳನ್ನೂ ಅಂಜುತ್ತಲೇ ಒರೆಸುತ್ತಿದ್ದಳು.

ಪರೀಕ್ಷೆಯ ಕೋಣೆಯ ಗಾಜಿನ ಈಚೆಗೆ ಅವಳೂ ಮುಖ್ಯಸ್ಥನೂ ನಿಂತರು. ಆಚೆಗೆ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಗುಂಡಿಯನ್ನು ತುಸು ತಿರುಗಿಸಿದಳು. ಪೆಟ್ಟಿಗೆ ಸುಮ್ಮನಿತ್ತು. ಚಿಕ್ಕಮ್ಮ ಕೈ ಹಿಂತೆಗೆದು ಮಡಿಲಲ್ಲಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ಗೋಡೆಯ ಕಡೆ ಮುಖ ಮಾಡಿದಳು. ಹಾಡು ಬಂತು.

“ನೋಡಿದ್ರಾ! ನೀರು ಕುಡಿದಷ್ಟು ಸಲೀಸು,” ಮುಖ್ಯಸ್ಥ ಕೈ ಉಜ್ಜಿಕೊಂಡ. “ಆ ದರ್ಜಿಗೆ ತಾಳ್ಮೆ ಇಲ್ಲ ಅಂದ್ರೆ ನಾವೇನು ಮಾಡೋಣ? ಗುಂಡಿನೇ ಇರಲಿ.”

ಮೊದಲ ಸಲ ನೋಡುವವರು ಕೈ ತೆಗೆಯುವುದಿಲ್ಲ. ಬರುತ್ತದೆಂದು ಗೊತ್ತಿದ್ದವರು ಮಾತ್ರ ಹಾಗೆ ಕಾಯುತ್ತಾರೆ. ಚಿಕ್ಕಮ್ಮ ಗಾಜಿನ ಆಚೆಯಿಂದ ಅವಳಿಗೆ ಕಣ್ಣು ಹೊಡೆದಳು.

“ಸರ್, ಇವರನ್ನ ಲೆಕ್ಕಕ್ಕೆ ತಗೋಬೇಡಿ. ಮನೇಲಿ ಅಭ್ಯಾಸ ಮಾಡ್ಕೊಂಡು ಬಂದಿದ್ದಾರೆ.”

“ಅವರು ಹೇಳಿದ್ರಾ?”

“ಇಲ್ಲ. ಕೈ ನೋಡಿದೆ.”

“ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತಿದ್ದೀರಿ. ನಾಳೆಯಿಂದ ಸ್ಕ್ರೀನು, ಗೊತ್ತು ತಾನೇ?”

“ಗೊತ್ತು ಸರ್. ಆದ್ರೆ ಸ್ಟೇಷನ್ ಅಲ್ಲೂ ಇಷ್ಟೇ ನಿಧಾನಕ್ಕೆ ಬರುತ್ತೆ.”

“ಬರಲಿ. ಬರೋವರೆಗೆ ಸ್ಕ್ರೀನಲ್ಲಿ ಒಂದು ಚಕ್ರ ಸುತ್ತುತ್ತೆ. ಜನ ಅದನ್ನ ನೋಡ್ಕೊಂಡು ಕೂತಿರ್ತಾರೆ.”

ಅವಳು ಚಿಕ್ಕಮ್ಮನನ್ನು ಕರೆತರಲು ಗಾಜಿನಾಚೆಗೆ ಹೋದಳು.

ಹೊರಗೆ ಬಂದು ನಡೆದದ್ದನ್ನೆಲ್ಲ ಕೇಳಿದ ಚಿಕ್ಕಮ್ಮ ಉರಿದುಬಿದ್ದಳು. “ಪಾಸಾದವಳನ್ನ ಎಳೆದು ಫೇಲ್ ಮಾಡ್ತಾರೇನೇ? ನೀನು ಆಫೀಸಿಗೆ ಹೋದಮೇಲೆ ಅದರ ಮುಂದೆ ಕೂತು ಕೂತು ಕಲಿತೆ. ನಿನಗೋಸ್ಕರ!”

“ನನಗೋಸ್ಕರ ಕಲಿತಿದ್ದೇ ಎಡವಟ್ಟಾಯ್ತು ಚಿಕ್ಕಮ್ಮ.”

“ಆಹಾ, ಹರಿಶ್ಚಂದ್ರನ ಮೊಮ್ಮಗಳು!”

“ಹೆಂಗೆ ಕಲಿತೆ, ಅದು ಹೇಳು.”

“ಮೊದಮೊದಲು ತಿರುಗಿಸ್ತಾನೇ ಇದ್ದೆ. ಒಂದಿನ ಯಾರೋ ಬಾಗಿಲು ಬಡಿದ್ರು, ಎದ್ದು ಹೋದೆ. ವಾಪಸ್ ಬಂದ್ರೆ ಪುಣ್ಯಾತ್ಮ ತಾನೇ ಹಾಡ್ತಾ ಕೂತಿದ್ದ! ಆವಾಗ ಗೊತ್ತಾಯ್ತು, ನೋಡ್ತಾ ಕೂತ್ರೆ ಅದು ಬಾಯಿ ಬಿಡಲ್ಲ, ನಾಚಿಕೆ ಸ್ವಭಾವ. ಅದಕ್ಕೇ ಆ ಕಡೆ ತಿರುಗಿ ಕೂತೆ.”

ಅವಳಿಗೆ ನಗು ಬಂತು, ನಗಲಿಲ್ಲ. ಗುಂಡಿಯನ್ನು ಗೆದ್ದ ಒಬ್ಬಳೇ ಒಬ್ಬಳಿಗೂ ಅದು ಅರ್ಥವಾಗಿರಲಿಲ್ಲ.

“ಬರೋ ಸ್ಕ್ರೀನಿಗೂ ನಾಚಿಕೆನಾ?” ಚಿಕ್ಕಮ್ಮ ಕೇಳಿದಳು.

“ಇಲ್ಲ. ಅದು ಚಕ್ರ ಸುತ್ತಿಸ್ತಾ ‘ಬಂದೆ, ಬಂದೆ’ ಅಂತ ತೋರಿಸ್ಕೊಂಡೇ ಬರುತ್ತೆ.”

“ಮತ್ತೆ ಮೊದಲೇ ಅದನ್ನ ಮಾಡೋಕೆ ನಿನಗೇನಾಗಿತ್ತೇ?” ಎಂದಳು ಚಿಕ್ಕಮ್ಮ.

ಅವಳು ಅಲ್ಲಿಂದಲೇ ಒಳಗೆ ಹೋಗಿ, ಸ್ಕ್ರೀನಿನ ಆ ಚಕ್ರವನ್ನು ವಿನ್ಯಾಸ ಮಾಡುವ ಕೆಲಸ ತನಗೇ ಕೊಡಿ ಎಂದು ಮುಖ್ಯಸ್ಥನನ್ನು ಕೇಳಿದಳು.